ಅಂದು ನಾನು ಬೀಳಲಿಲ್ಲ

ನಾನೊಂದು ಸರ್ವೆ ಮರದ ಗಳ. ತಲಕಾಡಿನ ಕಡೆಯ ಮರಳು ನೆಲದಲ್ಲಿ ಹುಟ್ಟಿದವನು. ನನ್ನ ಜೊತೆ ಕಡಿಸಿಕೊಂಡವರೆಲ್ಲ ತಾರಸಿ ಹಾಕುವ ಕಡೆ ಊರುಗಂಬಗಳಾಗಿ ಹೋದರು. ನನ್ನನ್ನು ಮಾತ್ರ ಮೈಸೂರಿನ ಹೊರಗಿನ ಒಂದು ಕುದುರೆ ಸವಾರಿ ಶಾಲೆಯವರು ಕೊಂಡು, ಸಿಪ್ಪೆ ಹೆರೆದು, ಕೆಂಪು ಬಿಳಿ ಪಟ್ಟೆ ಬಳಿದರು. ಮದುವಣಿಗನ ಹಾಗಿದ್ದೆ, ಸುಳ್ಳು ಯಾಕೆ ಹೇಳಲಿ.

ನನ್ನ ಕೆಲಸ ಸುಲಭದ್ದು. ಎರಡು ಕಂಬಗಳ ನಡುವೆ, ಆಳವಿಲ್ಲದ ಕಬ್ಬಿಣದ ಬಟ್ಟಲುಗಳಲ್ಲಿ ಅಡ್ಡಲಾಗಿ ಮಲಗಿರುವುದು. ಕುದುರೆ ನನ್ನನ್ನು ಹಾರಿ ಹೋಗಬೇಕು. ಕಾಲು ತಗುಲಿದರೆ ನಾನು ಬೀಳಬೇಕು. ಪಾಠ ಹೇಳುತ್ತಿದ್ದ ಉತ್ತಯ್ಯ ಮೇಷ್ಟ್ರು ದಂಡಿನಲ್ಲಿ ಕುದುರೆ ಪಳಗಿಸಿ ನಿವೃತ್ತರಾದವರು. ಹೊಸಬರು ಬಂದಾಗಲೆಲ್ಲ ನನ್ನನ್ನು ಒಂದು ಬೆರಳಿನಿಂದ ತಳ್ಳಿ ಬೀಳಿಸಿ ತೋರಿಸುತ್ತಿದ್ದರು. ಇದು ಬಿದ್ದರೆ ಕುದುರೆ ಉಳಿಯುತ್ತೆ, ಇಷ್ಟು ನೆನಪಿಟ್ಟುಕೊಳ್ಳಿ ಎನ್ನುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ನನಗೋ, ದಿನಕ್ಕೆ ಇಪ್ಪತ್ತು ಸಲ ಮಣ್ಣು ಮುಕ್ಕಿ ಮುಕ್ಕಿ ರೇಗಿ ಹೋಗಿತ್ತು.

ಹಲ್ಲಿನ ಡಾಕ್ಟರು ದಮಯಂತಿ ಸವಾರಿ ಕಲಿಯಲು ಬಂದದ್ದು ನಲವತ್ತು ದಾಟಿದ ಮೇಲೆ. ಅವರಿಗೆ ಕೊಟ್ಟದ್ದು ಕಸ್ತೂರಿ ಎಂಬ ಕಂದು ಹೆಣ್ಣು ಕುದುರೆ. ಹಿಂದೆ ರೇಸಿನಲ್ಲಿ ಓಡಿದವಳು, ಸಾಧು ಪ್ರಾಣಿ. ಡಾಕ್ಟರಿಗೆ ಒಂದೇ ಹಟ: ದಸರೆಯೊಳಗೆ ಮೂರು ಅಡಿ ಹಾರಬೇಕು. ಆದರೆ ಹಾರುವ ಹೊತ್ತಿಗೆ ಸರಿಯಾಗಿ ಅವರು ಕೆಳಗೆ ನನ್ನನ್ನು ನೋಡುತ್ತಿದ್ದರು, ಹೆದರಿ ಲಗಾಮು ಜಗ್ಗುತ್ತಿದ್ದರು. ಬಾಯಿ ನೋಯಿಸಿಕೊಂಡ ಕುದುರೆ ಕಾಲು ಹೇಗೆ ಮಡಚೀತು? ನಾನು ದೊಪ್ಪನೆ ಬೀಳುತ್ತಿದ್ದೆ.

ಕತ್ತೆತ್ತಿ ಆ ಬೇವಿನ ಮರ ನೋಡಿ, ಕೈ ಸಡಿಲ ಬಿಡಿ ಎಂದು ಮೇಷ್ಟ್ರು ನೂರು ಸಲ ಹೇಳಿದರು. ಡಾಕ್ಟರಿಗೆ ಮಾತ್ರ ಕುದುರೆಯದೇ ಸೋಮಾರಿತನ ಅನಿಸುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಒಂದು ಬೆಳಿಗ್ಗೆ ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಕುದುರೆ ನೋಡಿಕೊಳ್ಳುವ ಮಸ್ತಾನ್ ಸಾಬರನ್ನು ಡಾಕ್ಟರು ಕರೆದರು.

"ಗಳ ಬೀಳುತ್ತೆ ಅಂತ ಇವಳಿಗೆ ಗೊತ್ತಾಗಿಬಿಟ್ಟಿದೆ. ಒಂದೇ ಒಂದು ಸಲ ಕಟ್ಟಿಬಿಡಿ, ಸಾಬರೇ."

ಸಾಬರು ಬೇಡ ಅಮ್ಮಾವ್ರೇ ಅಂದರು. ಎರಡು ಸಲ ಅಂದರು. ಆದರೆ ಅವರ ಹೆಂಡತಿಯ ಹಲ್ಲುನೋವಿಗೆ ಪುಕ್ಕಟೆ ಔಷಧಿ ಮಾಡಿದ ಕೈ ಅದು. ಡಾಕ್ಟರು ಮೂರನೇ ಸಲ ಕೇಳಿದಾಗ ನಾರಿನ ಹಗ್ಗ ತಂದು ನನ್ನ ಎರಡು ತುದಿಗಳನ್ನೂ ಕಂಬಗಳಿಗೆ ಬಿಗಿದರು.

ಈಗ ನನ್ನ ಪಾಪ ಹೇಳಿಬಿಡುತ್ತೇನೆ. ಕಟ್ಟಿದ್ದು ಅವರು, ನಾನೇನು ಮಾಡಲಿ ಅಂತ ಜಾರಿಕೊಳ್ಳಬಹುದು. ಆದರೆ ಹಗ್ಗ ಬಿಗಿಯುತ್ತಿದ್ದ ಹಾಗೆ ನನಗೆ ಖುಷಿಯಾಯಿತು. ಇವತ್ತು ನನ್ನನ್ನು ಯಾರು ಬೀಳಿಸುತ್ತಾರೋ ನೋಡೇಬಿಡೋಣ ಅಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಕಸ್ತೂರಿ ಬಂದಳು. ಡಾಕ್ಟರು ಕೆಳಗೆ ನೋಡಿದರು, ಲಗಾಮು ಜಗ್ಗಿದರು. ಅವಳ ಮುಂಗಾಲು ನನಗೆ ಬಡಿಯಿತು. ನಾನು ಅಲುಗಲಿಲ್ಲ. ಅವಳು ನನ್ನ ಮೇಲಿಂದ ತಲೆಕೆಳಗಾಗಿ ಉರುಳಿದಳು. ಡಾಕ್ಟರು ದೂರ ಮರಳಿಗೆ ಬಿದ್ದು, ಬಟ್ಟೆ ಕೊಡವಿಕೊಂಡು ಎದ್ದರು. ಕಸ್ತೂರಿ ಎದ್ದದ್ದು ಮೂರು ಕಾಲಿನ ಮೇಲೆ.

ಸಾಬರು ಹಗ್ಗ ಬಿಚ್ಚಿದರು. ಮೇಷ್ಟ್ರು ಬಂದಾಗ ಡಾಕ್ಟರು, ಕುದುರೆ ಜಾರಿತು ಎಂದರು. ಮೇಷ್ಟ್ರು ನನ್ನ ಮೈ ಸವರಿದರು. ತುದಿಯಲ್ಲಿ ಬಣ್ಣ ಕಿತ್ತು ಹಗ್ಗದ ಗುರುತು ಕೂತಿತ್ತು.

"ಯಾರು ಕಟ್ಟಿದ್ದು?"

"ನಾನೇ, ಸಾಹೇಬ್ರೇ," ಎಂದರು ಸಾಬರು.

ಕಟ್ಟಿಸಿದ್ದು ಯಾರು ಎಂದು ಅವರು ಬಾಯಿ ಬಿಡಲಿಲ್ಲ. ಡಾಕ್ಟರು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷ ದುಡಿದ ಸಾಬರು ಕೆಲಸ ಕಳೆದುಕೊಂಡು ಅಂದೇ ಊಟದ ಡಬ್ಬಿ ಎತ್ತಿಕೊಂಡು ಹೊರಟರು. ನನಗೂ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ನನಗೆ ಬಾಯಿಲ್ಲ. ಅವರಿಗಿತ್ತು.

ಒಂಬತ್ತು ದಿನ ಡಾಕ್ಟರು ಈ ಕಡೆ ತಲೆ ಹಾಕಲಿಲ್ಲ. ಹತ್ತನೇ ದಿನ ಬಂದು, ಕಸ್ತೂರಿಯ ಕಟ್ಟು ಹಾಕಿದ ಕಾಲು ನೋಡಿ, ಮೇಷ್ಟ್ರ ಮುಂದೆ ನಿಂತು ಎಲ್ಲ ಹೇಳಿದರು. ಮೇಷ್ಟ್ರು ಬಯ್ಯಲಿಲ್ಲ. ಸಾಬರ ಮನೆಗೆ ನಾವಿಬ್ಬರೂ ಹೋಗಬೇಕು, ಬನ್ನಿ ಎಂದರು. ಮಾರನೆಯ ದಿನ ಸಾಬರು ಮರಳಿ ಬಂದರು. ಕಸ್ತೂರಿಯ ಕಾಲು ಮಾತ್ರ ಮರಳಲಿಲ್ಲ. ಅವಳು ಇನ್ನು ಹಾರುವ ಹಾಗಿಲ್ಲ.

ಈಗ ನನಗೆ ವಯಸ್ಸಾಗಿದೆ. ಒಂದು ಕಡೆ ಸೀಳು ಬಿಟ್ಟಿದ್ದೇನೆ. ಎತ್ತರಕ್ಕೆ ಏರಿಸುವುದಿಲ್ಲ, ಬೇವಿನ ಮರದಡಿ ನೆಲದ ಮೇಲೆ ಹಾಕಿದ್ದಾರೆ. ಡಾಕ್ಟರು ಮತ್ತೆ ಯಾವ ಕುದುರೆಯನ್ನೂ ಹತ್ತಿಲ್ಲ. ಭಾನುವಾರ ಬೆಳಿಗ್ಗೆ ಬಂದು ಕಸ್ತೂರಿಯ ಹಗ್ಗ ಹಿಡಿದು, ಕಾಲಿನ ಬಲಕ್ಕೆಂದು ನನ್ನನ್ನು ದಾಟಿಸಿ ನಡೆಸುತ್ತಾರೆ. ಈಗ ಅವರು ನನ್ನನ್ನು ನೋಡುವುದಿಲ್ಲ, ಕತ್ತೆತ್ತಿ ಮುಂದೆ ನೋಡುತ್ತಾರೆ. ಕೈ ಸಡಿಲವಾಗಿರುತ್ತದೆ. ಕಲಿತರು, ಆದರೆ ಎಷ್ಟು ತಡವಾಗಿ!

ಕುಂಟು ಕಾಲನ್ನು ಕಸ್ತೂರಿ ಪೂರ್ತಿ ಎತ್ತಲಾರಳು. ಪ್ರತಿ ಸಲ ಅವಳ ಗೊರಸು ನನಗೆ ತಗುಲುತ್ತದೆ. ತಗುಲಿದ ಕೂಡಲೇ ನಾನು ಉರುಳಿ ದಾರಿ ಬಿಡುತ್ತೇನೆ.