ಕಸಿಮಿರೋನನ್ನು ಕೊಂದದ್ದು

"ಕತ್ತರಿ ಇದ್ರೆ ಕೊಡ್ರೋ, ಈ ಚಾಕು ಮೊಂಡು," ಎಂದಳು ಪ್ಲಾಸಿಡಾ. ಶವಪೆಟ್ಟಿಗೆಯ ಮೇಲೆ ಬಗ್ಗಿ, ಸತ್ತ ಮಗ ಕಸಿಮಿರೋನ ಕತ್ತಿನ ಪಕ್ಕದಲ್ಲಿ ಹೊಲಿದಿದ್ದ ಡಯಾಲಿಸಿಸ್ ನಳಿಗೆಯನ್ನು ಅವಳು ಕೋಳಿ ಕೊಯ್ಯುವ ಚಾಕುವಿನಿಂದ ಕೀಳುತ್ತಿದ್ದಳು.

ಸೊಸೆ ರುಫೀನಾ ಅವಳ ಮಣಿಕಟ್ಟು ಹಿಡಿದಳು. "ಬಿಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಈ ಕೊಳವೆ ಜೊತೆಗೇ ಮಣ್ಣಿಗೆ ಹೋದ್ರೆ ಅಲ್ಲೂ ಇವನ ರಕ್ತ ಹೀರ್ತದೆ ಆ ಮಿಷನ್ನು. ನಿನಗೇನು? ಕರ್ಕೊಂಡು ಹೋಗಿ ಅದಕ್ಕೆ ಕಟ್ಟಿ ಹಾಕಿದ್ದೇ ನೀನು!"

ನಳಿಗೆ ಬಂತು. ಅದರ ಜೊತೆ ಕಂದುಬಣ್ಣದ್ದೇನೋ ಇಳಿದು ಬಿಳಿ ಅಂಗಿಗೆ ಅಂಟಿತು. ಹೆಣ ಕಾಯುತ್ತ ಮೂಲೆಯಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಮಗುಚಿಟ್ಟು ನೋಡಲು ಎದ್ದು ಬಂದರು. ಒಬ್ಬನಂತೂ ಬಾಳೆಎಲೆಯಲ್ಲಿ ಬೇಯಿಸಿದ ನಕತಮಾಲ್ ಕಡುಬು ಅಗಿಯುತ್ತಲೇ ಬಂದ, ಅವನ ತುಟಿಯ ಮೇಲೆ ಹಂದಿಕೊಬ್ಬು ಹೊಳೆಯುತ್ತಿತ್ತು. ರುಫೀನಾ ಮುಖ ತಿರುಗಿಸಿದಳು. ಹೆಣ ನೋಡಿ ಅಲ್ಲ, ಇವರನ್ನು ನೋಡಿ.

"ಮೈ ಬಿಸಿಯಿದ್ದಾಗ ಸ್ನಾನ ಮಾಡ್ತಿದ್ದ. ಅದಕ್ಕೇ ಬಂದಿದ್ದು ಕಾಯಿಲೆ," ಎಂದ ಕೊಬ್ಬಿನ ತುಟಿಯವನು.

"ಸ್ನಾನ ಅಲ್ಲ ಕಣೋ, ಗದ್ದೆಯಲ್ಲಿ ಐಸ್ ನೀರು ಕುಡೀತಿದ್ದನಲ್ಲ, ಅದು," ಎಂದ ಇನ್ನೊಬ್ಬ. "ಅದು ಹಂಗಿರ್ಲಿ, ಕೊಂದಿದ್ದು ಮಾತ್ರ ಮಿಷನ್ನೇ. ಅಲ್ಲಿಗೆ ಹೋದವನು ಒಬ್ಬನಾದ್ರೂ ಉಳಿದಿದ್ದಾನಾ?"

ಸಾಯುವ ಹೊತ್ತಿಗೇ ತಾನೆ ಎಲ್ಲರೂ ಅಲ್ಲಿಗೆ ಹೋಗುವುದು! ಅದನ್ನು ರುಫೀನಾ ಯಾರಿಗೆ ಹೇಳುವುದು?

ಬಾಗಿಲಲ್ಲಿ ಕಸಿಮಿರೋನ ತಮ್ಮ ಎಲಿಸೆಯೊ ನಿಂತಿದ್ದ. ಅವನೂ ಕಬ್ಬು ಕಡಿದವನೇ. ಅವನಿಗೂ 'ಕ್ರಿಯಾಟಿನಿನ್' ಬಂದಿತ್ತು; ನಿಕರಾಗುವಾದ ನಮ್ಮ ಈ ಕಬ್ಬಿನ ಸೀಮೆಯಲ್ಲಿ ಕಿಡ್ನಿ ಕಾಯಿಲೆಗೆ ಅದೇ ಹೆಸರು. ಸೋಮವಾರ ಅವನಿಗೂ ನಳಿಗೆ ಹಾಕಲೇಬೇಕು, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಿಷನ್ನಿಗೆ ಹೋಗಿ ಅಣ್ಣ ಚೇತರಿಸಿಕೊಂಡದ್ದನ್ನು ನೋಡಿ ಒಪ್ಪಿದ್ದ. ಈಗ ಅವನ ಕಣ್ಣು ತಾಯಿಯ ಕೈಯಲ್ಲಿ ನೇತಾಡುತ್ತಿದ್ದ ನಳಿಗೆಯ ಮೇಲಿತ್ತು.

"ಅತ್ತಿಗೆ, ಸೋಮವಾರ ನಾನು ಬರಲ್ಲ."

*

ಮಿಷನ್ನಿಗೆ ಮುಂಚೆ ಕಸಿಮಿರೋನ ಉಸಿರಿನಲ್ಲಿ ಉಚ್ಚೆಯ ವಾಸನೆ. ಬಾಯಿಗೆ ಟವೆಲ್ ಅಡ್ಡ ಹಿಡಿದೇ ಮಾತಾಡುತ್ತಿದ್ದ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. "ನನ್ನ ಮೈ ಕಂಡ್ರೆ ನನಗೇ ಅಸಹ್ಯ ಕಣೆ. ಹೊರಗೆ ಹಾಕು ನನ್ನ," ಎನ್ನುತ್ತಿದ್ದ.

ಆಸ್ಪತ್ರೆಗೆ ಕೆಲವು ಸಲ ಹೋಗಿಬಂದ ಮೇಲೆ ಒಂದು ಸಂಜೆ ಟವೆಲ್ ಗೂಟಕ್ಕೆ ಹಾಕಿ, ಎರಡನೇ ಸಲ ಅನ್ನ ಬಡಿಸಿಕೊಂಡ. ಒಂದು ಪೋಲಿ ಜೋಕು ಹೇಳಿ ತಾನೇ ಮೊದಲು ನಕ್ಕ. ಅವತ್ತು ರುಫೀನಾಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮೊನ್ನೆ ಪ್ಲಾಸಿಡಾ ಎಳನೀರಿನ ಮೂಟೆ ಹೊತ್ತು ಬಂದಳು. ಕಿಡ್ನಿ ತೊಳೆದು ಚೊಕ್ಕಟ ಮಾಡುತ್ತದಂತೆ. ಎಳನೀರಿನ ಪೊಟ್ಯಾಸಿಯಂ ಕೆಟ್ಟ ಕಿಡ್ನಿಯಿಂದ ಹೊರಗೆ ಹೋಗಲು ದಾರಿಯಿಲ್ಲದೆ ಎದೆಬಡಿತವನ್ನೇ ನಿಲ್ಲಿಸಿಬಿಡುತ್ತದೆ ಎಂದು ನರ್ಸು ಬಡಕೊಂಡಿದ್ದಳು. ಅವನಿಗೂ ಗೊತ್ತಿತ್ತು. ಬೇಡವೆಂದ. ಮುದುಕಿ ಅಳಲು ಶುರುಮಾಡಿದಳು.

"ಅಮ್ಮ ಪಾಪ, ಬಿಸಿಲಲ್ಲಿ ಹೊತ್ಕೊಂಡು ಬಂದಿದ್ದಾಳೆ. ಒಂದೇ ಒಂದು," ಎಂದು ಹೆಂಡತಿಗೆ ಕಣ್ಣು ಹೊಡೆದ. ಒಂದು ಹೋಗಿ ಎರಡಾಯಿತು, ಮೂರಾಯಿತು. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಕೈಯಿಂದ ಕಿತ್ತೆಸೆಯಬೇಕಿತ್ತು ಎಂದು ರುಫೀನಾಗೆ ಈಗ ಅನ್ನಿಸುತ್ತದೆ. ಮಗನನ್ನು ನೀನೇ ಕೊಂದೆ ಎಂದು ಹೆತ್ತವಳಿಗೆ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

*

ಸ್ಮಶಾನದಲ್ಲಿ ನೆತ್ತಿ ಸುಡುವ ಬಿಸಿಲು. ಹೆಣ ಹೊತ್ತವರಿಗೆಂದು ತರಿಸಿದ್ದ ಎಳನೀರನ್ನು ಪ್ಲಾಸಿಡಾ ತಾನೇ ಕೆತ್ತಿ ಹಂಚುತ್ತಿದ್ದಳು. ಎಲಿಸೆಯೊನನ್ನು ಹತ್ತಿರ ಕರೆದಳು.

"ಕುಡಿ ಕಂದಾ. ನಿನ್ನನ್ನಾದ್ರೂ ಉಳಿಸ್ಕೋತೀನಿ."

"ಬೇಡ!" ರುಫೀನಾ ಅಡ್ಡ ಬಂದಳು. "ಅತ್ತೆ, ಅವರನ್ನ ಕೊಂದಿದ್ದು ಮಿಷನ್ ಅಲ್ಲ. ಇದು. ಮೊನ್ನೆ ನೀವು ಕುಡಿಸಿದ್ದು."

ಗುದ್ದಲಿಗಳು ನಿಂತವು.

"ಏನಂದೆ?"

"ಕಿಡ್ನಿ ಕೆಟ್ಟವರಿಗೆ ಎಳನೀರು ವಿಷ. ಅವರಿಗೆ ಗೊತ್ತಿತ್ತು. ನೀವು ಅಳ್ತೀರಲ್ಲ ಅಂತ ಕುಡಿದ್ರು."

ಮುದುಕಿ ಅವಳನ್ನೇ ದಿಟ್ಟಿಸುತ್ತ ಕಾಯನ್ನು ಬಾಯಿಗೆತ್ತಿದಳು. ಗಟಗಟ ಕುಡಿದಳು. ಗದ್ದದಿಂದ ನೀರಿಳಿದು ಕಪ್ಪು ರವಿಕೆ ಮೈಗಂಟಿತು. ಇನ್ನೊಂದು ಕೆತ್ತಿ ಅದನ್ನೂ ಕುಡಿದಳು, ತೇಗಿದಳು.

"ನೋಡ್ರಪ್ಪಾ, ವಿಷ ಕುಡ್ದೆ. ನಾನೇನ್ ಸತ್ನಾ?"

"ನಮ್ಮೆಲ್ಲರ ಮಣ್ಣಿಗೂ ಬರ್ತಾಳೆ ಬಿಡು ಮುದುಕಿ!" ಎಂದ ಯಾರೋ. ಇನ್ನೂ ಮುಚ್ಚದ ಗುಂಡಿಯ ಸುತ್ತ ನಿಂತು ಜನ ನಕ್ಕರು. ಥೂ, ಎಂಥ ಜನ.

"ನಿಮ್ಮ ಕಿಡ್ನಿ ಗಟ್ಟಿ ಇದೆ ಅತ್ತೆ. ಎಲಿಸೆಯೊನದ್ದು ಇಲ್ಲ," ಎಂದಳು ರುಫೀನಾ. ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ.

ಪ್ಲಾಸಿಡಾ ಮತ್ತೊಂದು ಕೆತ್ತಿ ಮಗನ ಮುಂದೆ ಹಿಡಿದಳು. ಎಲಿಸೆಯೊ ಬಾತುಹೋಗಿದ್ದ ಎರಡೂ ಕೈ ಚಾಚಿ ಅದನ್ನು ಹಿಡಿದುಕೊಂಡ. ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ನೀರು ತುಳುಕಿ ಇಬ್ಬರ ಮುಂಗೈಯೂ ಒದ್ದೆಯಾಯಿತು. ಮುದುಕಿಯ ಬೆರಳು ಮಾತ್ರ ಕಾಯನ್ನು ಬಿಡಲಿಲ್ಲ.