ಹದಿನಾಲ್ಕನೆಯ ಬಲೆ ಎಲ್ಲಿದೆ

ಕಡಲ ಗಡಿಯ ಗೆರೆ ದಾಟಿದ್ದೇವೆ ಎಂದು ಮೊದಲು ಬಾಯಿಬಿಟ್ಟವನು ನನ್ನ ಗಂಡನೇ. ನನ್ನ ಕಿವಿಗೆ ಮಾತ್ರ ಹೇಳಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅವನು ವೈರ್‌ಲೆಸ್ಸಿನ ಗುಂಡಿ ಒತ್ತಿ ಹಿಡಿದು, ಬಂದರಿನವರು, ಕಾವಲು ಹಡಗಿನವರು, ಆಚೆ ದಡದವರು, ಎಲ್ಲರ ಕಿವಿಗೂ ಬೀಳುವ ಹಾಗೆ ಹೇಳಿದ.

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಎಂಟೂಮುಕ್ಕಾಲು. ಹೆಣ್ಣೇಡಿಗಳು ಮೊಟ್ಟೆ ತುಂಬಿಕೊಂಡು ಬರುವ ಕಾಲ. ನಮ್ಮ ದೋಣಿಯಲ್ಲಿ ಇಬ್ಬರೇ: ಚುಕ್ಕಾಣಿಗೆ ಗಂಡ ಮಾನ್‌ಸೊಪ್, ಬಲೆಗೆ ನಾನು ಒಕ್‌ಬುನ್. ಅರ್ಧ ಗಂಟೆಯ ಹಿಂದೆ ಇಳಿದ ಮಂಜು ದೋಣಿಯ ಮೂತಿಯನ್ನೇ ನುಂಗಿಬಿಟ್ಟಿತ್ತು. ಮಂಜಿಗೆ ನಾವು ಹೆದರುವವರಲ್ಲ. ಆದರೆ ಮಂಜಿನ ಬೆನ್ನಿಗೇ ಚುಕ್ಕಾಣಿ ಕೋಣೆಯ ಜಿಪಿಎಸ್ ಪರದೆ ಮೂರು ಸಲ ಕೂಗಿ ಬರಿದಾಯಿತು. ಯಾರೋ ಎಲ್ಲಿಂದಲೋ ಉಪಗ್ರಹದ ಸಂಕೇತವನ್ನು ಕೆಡಿಸುತ್ತಿದ್ದರು. ಈ ವಸಂತದಲ್ಲಿ ಇದು ನಾಲ್ಕನೆಯ ಸಲ. ಎಲ್ಲ ದೋಣಿಗಳೂ ಕೂಡಲೇ ಮರಳಬೇಕೆಂದು ವೈರ್‌ಲೆಸ್ಸು ಒದರಿತು. ಮರಳುವುದು ಯಾವ ಕಡೆಗೆ ಎಂದು ಒದರಲಿಲ್ಲ.

ಗಂಡ ಇಂಜಿನ್ನು ನಿಲ್ಲಿಸಿ, ಜೇಬಿನಿಂದ ಫೋನು ತೆಗೆದ. ಅದರ ನಕಾಶೆಯಲ್ಲಿ ಗೆರೆ ಕೆಂಪಾಗಿದೆ. ನಾವಿರುವ ನೀಲಿ ಚುಕ್ಕೆ ಆ ಕೆಂಪು ಗೆರೆಯ ಮೇಲ್ಗಡೆ ನಿಂತಿತ್ತು. ಅವನ ಮುಖದ ರಕ್ತ ಇಳಿದುಹೋದುದನ್ನು ನಾನು ಕಣ್ಣಾರೆ ಕಂಡೆ. ಆಗಲೇ ಅವನು ವೈರ್‌ಲೆಸ್ಸಿಗೆ ಕೈ ಹಾಕಿದ್ದು. ಫೋನಿನಲ್ಲಿದ್ದ ಅಂಕಿಗಳನ್ನು ಒಂದೊಂದಾಗಿ ಓದಿ, ನಾವು ಆಚೆ ಬಂದುಬಿಟ್ಟಿದ್ದೇವೆ, ಬೇಕೆಂದು ಬಂದವರಲ್ಲ, ಗುಂಡು ಹಾರಿಸಬೇಡಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಂಡನೋ ಅವನಿಗೇ ತಿಳಿಯದು. ಉತ್ತರವಾಗಿ ಎಣ್ಣೆಯಲ್ಲಿ ನೀರು ಬಿದ್ದಂಥ ಚಟಚಟ ಸದ್ದು ಬಂತು, ಅಷ್ಟೇ.

ಅವನ ಹೆದರಿಕೆಗೆ ಐವತ್ತು ವರ್ಷ ವಯಸ್ಸಾಗಿದೆ. ಇಂಥದೇ ಮಂಜಿನಲ್ಲಿ ನಮ್ಮ ಮಾವನ ದೋಣಿಯ ಇಂಜಿನ್ನು ಕೆಟ್ಟು, ಇಳಿತದ ನೀರು ಅವರನ್ನು ಆಚೆ ಕೊಂಡೊಯ್ದಿತ್ತು. ಆಚೆಯವರು ಒಂಬತ್ತು ತಿಂಗಳು ಇಟ್ಟುಕೊಂಡು ಬಿಟ್ಟುಕಳಿಸಿದರು. ನಮ್ಮವರು ಆರು ವರ್ಷ ಇಟ್ಟುಕೊಂಡರು, ಬೇಹುಗಾರನೆಂದು. ಹಿಂತಿರುಗಿ ಬಂದಾಗ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಇವರು ನಿರಪರಾಧಿ ಎಂದು ಸರ್ಕಾರದ ಕಾಗದ ಬರುವ ಹೊತ್ತಿಗೆ ಅವರ ಸಮಾಧಿಯ ಮೇಲೆ ವರ್ಷಕ್ಕೊಮ್ಮೆ ಕೊಯ್ಯುವ ಹುಲ್ಲನ್ನು ಮೂರು ಸಲ ಕೊಯ್ದಾಗಿತ್ತು. ನೀರಿನ ಮೇಲೆ ಗೆರೆ ಎಳೆದವರು ದೋಣಿ ಹತ್ತಿದವರಲ್ಲ. ಕೋಣೆಯಲ್ಲಿ ಕೂತು, ಕಾಗದದ ಮೇಲೆ ಎಳೆದರು. ಆ ಗೆರೆಯನ್ನು ಬೆನ್ನ ಮೇಲೆ ಎಳೆಸಿಕೊಂಡವರು ನಾವು. ಆದ್ದರಿಂದ ಆ ಹೊತ್ತು ನನಗೆ ಆಚೆಯವರ ಬಂದೂಕಿನಷ್ಟೇ ನಮ್ಮ ಬಂದರಿನ ಕುರ್ಚಿ ಮೇಜಿನ ಹೆದರಿಕೆಯೂ ಇತ್ತು.

ಫೋನನ್ನು ಅವನ ಕೈಯಿಂದ ಕಿತ್ತುಕೊಂಡೆ. ಮಗಳು ಬೊರಾ ದೊಡ್ಡ ಊರಿನಲ್ಲಿ ಫೋನು ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಹೊಸ ವರ್ಷಕ್ಕೆ ಬಂದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚುಕ್ಕೆಯನ್ನು ಕಣ್ಣುಮುಚ್ಚಿ ನಂಬಬೇಡ, ಚುಕ್ಕೆ ಎಲ್ಲಿಂದ ಬಂತು ಅಂತ ಮೊದಲು ಕೇಳು ಎಂದು ಕಲಿಸಿದ್ದಳು. ಉಪಗ್ರಹಗಳನ್ನು ತೋರಿಸುವ ಒಂದು ಪುಟವನ್ನೂ ಫೋನಿಗೆ ಹಾಕಿಕೊಟ್ಟಿದ್ದಳು. ಅದನ್ನು ತೆರೆದೆ. ಒಳ್ಳೆಯ ದಿನ ಅಲ್ಲಿ ಇಪ್ಪತ್ತು ಮೂವತ್ತು ಹಸಿರು ಕಂಬಗಳು ಎದ್ದುನಿಲ್ಲುತ್ತವೆ, ಒಂದು ಉಪಗ್ರಹಕ್ಕೆ ಒಂದು ಕಂಬ. ಈಗ ಒಂದೂ ಇರಲಿಲ್ಲ. ಆಕಾಶವೇ ಬೋಳು. ಆದರೂ ನಕಾಶೆಯಲ್ಲಿ ಚುಕ್ಕೆ ಮಾತ್ರ ಏನೂ ಆಗದವನ ಹಾಗೆ ಗೆರೆಯ ಆಚೆ ನಿಂತಿತ್ತು.

"ಇದು ಸುಳ್ಳು ಚುಕ್ಕೆ ರೀ," ಎಂದೆ. "ಮೇಲಿಂದ ಏನೂ ಬರ್ತಿಲ್ಲ. ಯಾವುದೋ ಟವರ್ ಹಿಡ್ಕೊಂಡು ಊಹೆ ಮೇಲೆ ತೋರಿಸ್ತಿದೆ."

"ನಿಜವೇ ಆಗಿದ್ರೆ?"

ಸುಳ್ಳು ಚುಕ್ಕೆಯನ್ನು ನಂಬಿ ತೆಂಕಲಿಗೆ ಓಡಿದರೆ ದ್ವೀಪದ ಸುತ್ತಲಿನ ಬಂಡೆಗಳು ದೋಣಿಯ ಹೊಟ್ಟೆ ಸೀಳುತ್ತವೆ. ನಿಜವಾದ ಚುಕ್ಕೆಯನ್ನು ಸುಳ್ಳೆಂದು ಕೂತರೆ ಇಳಿತ ನಮ್ಮನ್ನು ಇನ್ನೂ ಆಚೆ ಒಯ್ಯುತ್ತದೆ. ಅದು ಒಯ್ಯುತ್ತಲೇ ಇತ್ತು. ಬಗಲಲ್ಲಿ ನೀರು ಸರಿಯುವ ಸದ್ದು ಕೇಳುತ್ತಿತ್ತು.

ಮಗಳು ಹೇಳಿದ್ದನ್ನು ಸಾಲಾಗಿ ನೆನಪಿಗೆ ತಂದುಕೊಂಡೆ. ಮೊದಲು ವಿಮಾನದ ಗುರುತು ಒತ್ತಿ ಹತ್ತು ಎಣಿಸಿ ತೆಗೆದೆ. ಕಂಬ ಏಳಲಿಲ್ಲ. ಆಮೇಲೆ ಫೋನನ್ನು ಪೂರ್ತಿ ಆರಿಸಿ ಹೊತ್ತಿಸಬೇಕು. ಆ ಗುಂಡಿ ಒತ್ತಲು ಬೆರಳು ಒಪ್ಪಲಿಲ್ಲ. ಸುಳ್ಳೇ ಇರಲಿ, ನಾವು ಎಲ್ಲೋ ಒಂದು ಕಡೆ ಇದ್ದೇವೆ ಎನ್ನುತ್ತಿದ್ದದ್ದು ಅದೊಂದೇ. ಕಣ್ಣುಮುಚ್ಚಿ ಒತ್ತಿದೆ. ಆ ಒಂದು ನಿಮಿಷ ಕಪ್ಪು ಗಾಜಿನಲ್ಲಿ ನನ್ನ ಮುಖವೇ ನನ್ನನ್ನು ನೋಡುತ್ತಿತ್ತು. ದೂರದಲ್ಲಿ ಯಾವುದೋ ಇಂಜಿನ್ನು ಗುಡುಗಿದಂತಾಯಿತು. ಯಾವ ಕಡೆಯದು, ಯಾರದು, ತಿಳಿಯಲಿಲ್ಲ. ಗಂಡ ನನ್ನ ತೋಳು ಹಿಡಿದುಕೊಂಡ. ಮದುವೆಯಾಗಿ ಇಪ್ಪತ್ತೇಳು ವರ್ಷಗಳಲ್ಲಿ ದೋಣಿಯ ಮೇಲೆ ಅವನು ನನ್ನ ತೋಳು ಹಿಡಿದದ್ದು ಅದೇ ಮೊದಲು.

ಫೋನು ಎದ್ದಿತು, ಕಂಬಗಳು ಏಳಲಿಲ್ಲ. ಉಳಿದದ್ದು ದಿಕ್ಸೂಚಿ. ಅದಕ್ಕೆ ಉಪಗ್ರಹ ಬೇಡ. ನಿಜವಾದ ದಿಕ್ಸೂಚಿ ನಮ್ಮ ದೋಣಿಯಲ್ಲೂ ಇತ್ತು. ಜಿಪಿಎಸ್ ಪರದೆ ಬಂದ ಮೇಲೆ ಇದ್ಯಾಕೆ ಜಾಗಕ್ಕೆ ದಂಡ ಎಂದು ಗಂಡ ಅದನ್ನು ಬಿಚ್ಚಿ ಮನೆಯಲ್ಲಿಟ್ಟಿದ್ದ. ಫೋನಿನದು ಚುಕ್ಕಾಣಿ ಕೋಣೆಯಲ್ಲಿ ಹುಚ್ಚು ಹಿಡಿದಂತೆ ಸುತ್ತಿತು. ಇಂಜಿನ್ನು, ಬಲೆ ಎಳೆಯುವ ಯಂತ್ರ, ಸುತ್ತ ಎಲ್ಲವೂ ಕಬ್ಬಿಣ. ಅದನ್ನು ಎತ್ತಿಕೊಂಡು ಮೂತಿಗೆ ಹೋದೆ. ಕಬ್ಬಿಣದಿಂದ ಸಾಧ್ಯವಾದಷ್ಟು ದೂರ ನಿಂತು, ಮಗಳು ತೋರಿಸಿದಂತೆ ಫೋನು ಆಡಿಸುತ್ತ ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆದೆ. ಮೂರು ಸಲ ಬರೆದ ಮೇಲೆ ಮುಳ್ಳು ನಿಧಾನವಾಗಿ ಒಂದು ಕಡೆಗೆ ತಿರುಗಿ ನಿಂತಿತು.

ಅದು ನಿಂತ ಕಡೆ ತಲೆ ಎತ್ತಿದರೆ ಮಂಜಿನಲ್ಲಿ ಕಪ್ಪು ಬಾವುಟ ಕಂಡಿತು. ನಮ್ಮದೇ ಬಲೆಯ ತುದಿಯ ತೇಲು. ಅದರ ಹೊಟ್ಟೆಯ ಮೇಲೆ ನನ್ನ ಕೈಯಿಂದಲೇ ಬಳಿದ ಸಂಖ್ಯೆ, ಹದಿನಾಲ್ಕು.

ಅಳು ಬಂತು. ಹದಿನಾಲ್ಕನೆಯ ಬಲೆ ಎಲ್ಲಿದೆ ಎಂದು ತಿಳಿದರೆ ನಾವು ಎಲ್ಲಿದ್ದೇವೆಂದು ತಿಳಿಯಿತು. ಗಂಡ ಬಲೆ ಹಾಕಿದ ಜಾಗಗಳನ್ನೆಲ್ಲ ಫೋನಿನಲ್ಲಿ ಗುರುತು ಮಾಡಿಟ್ಟಿರುತ್ತಾನೆ. ಆ ಗುರುತುಗಳ ತಂಟೆಗೆ ನಾನು ಯಾವತ್ತೂ ಹೋದವಳಲ್ಲ. ಬಲೆ ಎಳೆಯುವವಳಿಗೆ ನಕಾಶೆ ಯಾಕೆ. ಹುಡುಕಿ ಹದಿನಾಲ್ಕನ್ನು ಒತ್ತಿದೆ. ನಕಾಶೆ ಜರ್ರನೆ ಮೇಲಕ್ಕೆ ಸರಿದು, ಕೆಂಪು ಗೆರೆಯನ್ನು ದಾಟಿ, ಆಚೆ ನಿಂತಿತು.

ಆ ಬಲೆ ಹಾಕಿದ್ದು ಮೂರು ದಿನದ ಹಿಂದೆ. ಅವತ್ತೂ ಮಬ್ಬು ಕವಿದಿತ್ತು, ದಡ ಕಂಡಿರಲಿಲ್ಲ. ಹಾಗಾದರೆ ಈ ಮನುಷ್ಯ ಏಡಿಯ ಆಸೆಗೆ ನನ್ನನ್ನು ಕೂರಿಸಿಕೊಂಡು ಗೆರೆ ದಾಟಿದ್ದಾನೆ. ಅಪ್ಪನ ಕೈ ನೋಡಿಯೂ ದಾಟಿದ್ದಾನೆ.

"ಬೊರಾಳ ಅಪ್ಪ," ಎಂದೆ. ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ. "ಈ ಬಲೆ ಯಾರ ನೀರಲ್ಲಿದೆ?"

ಅವನು ಫೋನು ನೋಡಿದ. ಹೆದರಿಕೆ ಇದ್ದ ಮುಖಕ್ಕೆ ನಾಚಿಕೆಯೂ ಬಂತು.

"ಅದು ಹಂಗಲ್ಲ ಕಣೆ. ಎಲ್ಲಾನೂ ಐದು ಮೈಲಿ ಬಡಗಲಿಗೆ ಸರಿಸಿ ಇಟ್ಟಿದೀನಿ."

"ಯಾಕೆ?"

"ಬೊಂಗ್‌ಸಿಕ್ ಕದ್ದು ನೋಡ್ತಾನೆ."

ಬೊಂಗ್‌ಸಿಕ್ ಇವನ ಚಿಕ್ಕಪ್ಪನ ಮಗ. ಗಂಜಿ ಅಂಗಡಿಯಲ್ಲಿ ಪಕ್ಕದಲ್ಲಿ ಕೂತರೆ ಅವನ ಕಣ್ಣು ಬಟ್ಟಲಲ್ಲಿರುವುದಿಲ್ಲ, ಪಕ್ಕದವರ ಫೋನಿನಲ್ಲಿರುತ್ತದೆ. ಯಾರ ಗುರುತು ಸಿಕ್ಕಿದರೂ ಮಾರನೆಯ ದಿನ ಅಲ್ಲಿ ಅವನ ಬಲೆ. ನಮ್ಮ ದ್ವೀಪದಲ್ಲಿ ಗುರುತುಗಳನ್ನು ಸರಿಸಿ ಬರೆದಿಡದ ದೋಣಿಯೇ ಇಲ್ಲ. ಒಬ್ಬ ಮೂಡಲಿಗೆ, ಒಬ್ಬ ಪಡುವಲಿಗೆ. ನನ್ನ ಗಂಡ ಬುದ್ಧಿವಂತ, ಗೆರೆಯ ಆಚೆಗೇ ಸರಿಸಿದ್ದ. ಅಲ್ಲಿಗೆ ಹೋಗಿ ನೋಡುವ ಧೈರ್ಯ ಯಾರಿಗೂ ಇಲ್ಲವೆಂದು ಅವನ ಲೆಕ್ಕಾಚಾರ.

"ನಿಮ್ಮ ಬುದ್ಧಿಗೆ ಬೆಂಕಿ ಬೀಳ," ಎಂದೆ. ಆದರೂ ಹೋದ ಉಸಿರು ಮರಳಿತು.

ತೇಲಿನ ಹಗ್ಗ ಎಳೆದು ನೋಡಿದೆ, ಬಿಗಿಯಾಗಿತ್ತು. ಲಂಗರು ಕಚ್ಚಿಕೊಂಡಿದೆ, ಬಲೆ ಜಾರಿಲ್ಲ. ನಾವು ಬಲೆಯ ಬಂದರಿನ ಕಡೆಯ ತುದಿಗೆ ಕೆಂಪು ಬಾವುಟ, ಇನ್ನೊಂದು ತುದಿಗೆ ಕಪ್ಪು ಕಟ್ಟುವವರು. ಕಪ್ಪಿನಿಂದ ಕೆಂಪಿಗೆ ಹೋದರೆ ಮನೆಯ ದಾರಿ. ನಾನು ಬಲೆಯ ಮೇಲ್ಹಗ್ಗ ಹಿಡಿದು ಕೈಬದಲಿಸಿ ಎಳೆಯುತ್ತಾ ಹೋದೆ, ಗಂಡ ಇಂಜಿನ್ನನ್ನು ಪಿಸುಗುಟ್ಟುವಷ್ಟೇ ಓಡಿಸಿದ. ಹಗ್ಗದಲ್ಲಿ ಏಡಿಗಳಿದ್ದವು, ಬಿಡಿಸಲಿಲ್ಲ. ಒಂದು ಏಡಿಯ ಇಕ್ಕುಳ ಕೈಗವಸು ತೂರಿ ಹೆಬ್ಬೆರಳು ಹಿಡಿಯಿತು, ಆಗಲೂ ಹಗ್ಗ ಬಿಡಲಿಲ್ಲ. ಬಿಟ್ಟರೆ ನಾವು ಮತ್ತೆ ಎಲ್ಲೂ ಇಲ್ಲದವರು. ಕೆಂಪು ಬಾವುಟ ಸಿಕ್ಕಿತು. ಮೂತಿಯಲ್ಲಿ ನಿಂತು ಫೋನಿನ ಮುಳ್ಳು ನೋಡಿದೆ, ಹಗ್ಗದ ಮಾತೂ ಮುಳ್ಳಿನ ಮಾತೂ ಒಂದೇ ಆಗಿತ್ತು. ಅದೇ ದಿಕ್ಕು ಹಿಡಿದು ಹದಿಮೂರು, ಹನ್ನೆರಡು, ಹನ್ನೊಂದು ಎಂದು ತೇಲಿನಿಂದ ತೇಲಿಗೆ ದಾಟಿದೆವು. ಬಂದರಿನ ಗಂಟೆ ಕೇಳಿದಾಗ ಹನ್ನೊಂದು ಗಂಟೆ ದಾಟಿತ್ತು.

ಅಲ್ಲಿ ಇಬ್ಬರು ನಮಗಾಗಿಯೇ ಕಾದಿದ್ದರು.

ಮೀನು ಹರಾಜಿನ ಕಟ್ಟೆಯ ಪಕ್ಕದ ಕೋಣೆಗೆ ಕರೆದೊಯ್ದರು. ಅವರಲ್ಲಿ ಮಾತಾಡಿದವನು, ದೊಡ್ಡ ಊರಿನಿಂದ ಇಲ್ಲಿಗೆ ನೇಮಕವಾದ ಅಧಿಕಾರಿ, ನಮ್ಮ ಬೊರಾಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಬಾರ್ಲಿ ಚಹಾ ತರಿಸಿದ, ಕೂತುಕೊಳ್ಳಿ ಅಮ್ಮ ಎಂದ. ಬೈದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಮಾವನಿಗೂ ಮೊದಲ ದಿನ ಚಹಾ ಕೊಟ್ಟಿದ್ದರಂತೆ.

ಗಂಡ ವೈರ್‌ಲೆಸ್ಸಿನಲ್ಲಿ ಓದಿದ ಅಂಕಿಗಳನ್ನು ಅವನು ಕಾಗದದಲ್ಲಿ ಬರೆದಿಟ್ಟುಕೊಂಡಿದ್ದ. ಇದು ನಿಮ್ಮದೇ ಮಾತಲ್ಲವೇ ಎಂದ. ಹೌದು ಎಂದ ಗಂಡ. ಚುಕ್ಕೆ ಸುಳ್ಳು, ಕಂಬಗಳು ಇರಲಿಲ್ಲ ಎಂದು ನಾನು ಹೇಳಿದೆ. ಇರಬಹುದು ಎಂದು ಬರೆದುಕೊಂಡು, ಫೋನು ಕೇಳಿದ. ಕೊಟ್ಟೆವು. ಕೊಡುವುದಿಲ್ಲ ಎನ್ನಬಹುದೆಂದು ನಮಗೆ ಯಾರೂ ಕಲಿಸಿರಲಿಲ್ಲ. ಅವನ ಬೆರಳು ಸ್ವಲ್ಪ ಹೊತ್ತು ಆಡಿತು, ನಿಂತಿತು. ಫೋನನ್ನು ನಮ್ಮ ಕಡೆ ತಿರುಗಿಸಿದ.

"ಒಂದು ದಿನದ ವಿಚಾರ ಅಲ್ಲ ಇದು. ಹದಿನಾಲ್ಕು ಗುರುತಿವೆ. ಹದಿನಾಲ್ಕೂ ಆಚೆ ಇವೆ. ಅಲ್ಲಿ ಯಾರನ್ನ ನೋಡೋಕೆ ಹೋಗ್ತಿದ್ರಿ?"

ಅಧಿಕಾರಿ ಒಂದು ಹಾಳೆ ಮುಂದೆ ಸರಿಸಿದ. ಗೆರೆ ದಾಟಿದ್ದು ನಿಜ, ಅಜಾಗರೂಕತೆಯಿಂದ ಆಯಿತು, ಮುಂದೆ ಕರೆದಾಗ ಬರುತ್ತೇವೆ, ಇಷ್ಟೇ ಇದೆ, ಸಹಿ ಹಾಕಿ ಮನೆಗೆ ಹೋಗಿ ಊಟ ಮಾಡಿ ಎಂದ. ಗಂಡ ಪೆನ್ನು ಎತ್ತಿಕೊಂಡ. ಅವನು ಓದಲಿಲ್ಲ. ಆ ಕೋಣೆಯಿಂದ ಹೊರಗೆ ಹೋಗುವ ಬಾಗಿಲು ಆ ಹಾಳೆಯಲ್ಲೇ ಇದೆ ಅನ್ನುವ ಹಾಗೆ ನೋಡುತ್ತಿದ್ದ.

ನಾನು ಹಾಳೆಯ ಮೇಲೆ ಕೈ ಇಟ್ಟೆ. ಹೆಬ್ಬೆರಳಿನ ರಕ್ತ ಅದಕ್ಕೆ ಹತ್ತಿತು.

"ದಾಟಿದ್ದು ನಿಜ ಅಂತ ನಾವು ಬರೆದುಕೊಡಲ್ಲ," ಎಂದೆ. ಎದ್ದುನಿಂತೆ. "ಗುರುತು ಸುಳ್ಳು. ಬಲೆ ಸುಳ್ಳಲ್ಲ. ಮಂಜು ಕರಗಲಿ, ನೀವೇ ಬನ್ನಿ, ಒಂದೊಂದಾಗಿ ಎಳೆದು ತೋರಿಸ್ತೀನಿ."

ಅದನ್ನು ಆಮೇಲೆ ನೋಡೋಣ, ಮೊದಲು ಸಹಿ ಎಂದ. ಮೊದಲು ಸಹಿ, ಆಮೇಲೆ ಸತ್ಯ. ಇವರ ಕ್ರಮ ಐವತ್ತು ವರ್ಷದಿಂದ ಬದಲಾಗಿಲ್ಲ.

ನಾನು ಹೋಗಿ ಬಾಗಿಲು ತೆರೆದೆ. ಹರಾಜು ಕಟ್ಟೆಯಲ್ಲಿ ಮೂವತ್ತು ನಲವತ್ತು ಜನ ಇದ್ದರು, ಮಂಜಿನಿಂದ ಮರಳಿದ ಎಲ್ಲ ದೋಣಿಯವರು. ಒಬ್ಬರೂ ಈ ಕಡೆ ನೋಡುತ್ತಿರಲಿಲ್ಲ. ನಮ್ಮಲ್ಲಿ ಹಾಗೆಯೇ. ಒಬ್ಬನನ್ನು ಕೋಣೆಗೆ ಕರೆದರೆ ಉಳಿದವರು ಬಲೆ ತೇಪೆ ಹಾಕುತ್ತಾರೆ.

"ಬರ್ಕೊಳ್ಳಿ," ಎಂದೆ, ಕಟ್ಟೆಯ ಕೊನೆಗೂ ಕೇಳುವಂತೆ. ಮೊದಲನೆಯ ಬಲೆ, ದೀಪಸ್ತಂಭವೂ ಮಂಜುಗಡ್ಡೆ ಕಾರ್ಖಾನೆಯ ಹೊಗೆಗೊಳವೆಯೂ ಒಂದೇ ಸಾಲಿಗೆ ಬರುವಲ್ಲಿ. ಎರಡನೆಯದು, ಅಲ್ಲಿಂದ ಮೂಡಲಿಗೆ, ಒಡಕು ಬಂಡೆಯ ನೆತ್ತಿ ಕಾಣುವಲ್ಲಿ. ಗಂಡ ತಲೆ ತಗ್ಗಿಸಿದ. ಇಪ್ಪತ್ತು ವರ್ಷ ಅಣ್ಣತಮ್ಮಂದಿರಿಗೂ ಹೇಳದ ಜಾಗಗಳನ್ನು ನಾನು ಊರಿನ ಮುಂದೆ ಸುರಿದೆ. ನಾಳೆಯಿಂದ ಅಲ್ಲಿ ಎಲ್ಲರ ಬಲೆಯೂ ಬೀಳುತ್ತದೆ, ಗೊತ್ತಿತ್ತು. ಬೀಳಲಿ. ಏಡಿ ಹೋದರೆ ಇನ್ನೊಂದು ವಸಂತಕ್ಕೆ ಬರುತ್ತದೆ.

ಹದಿಮೂರರವರೆಗೆ ಹೇಳಿದೆ. ಹದಿನಾಲ್ಕಕ್ಕೆ ಬಂದಾಗ ನಿಲ್ಲಬೇಕಾಯಿತು. ಮಬ್ಬಿನ ದಿನ ಹಾಕಿದ್ದು, ಅದರ ಗುರುತು ನನ್ನ ಕಣ್ಣಿಗೆ ಸಿಕ್ಕಿರಲೇ ಇಲ್ಲ. ಹದಿಮೂರರಿಂದ ಮುಂದೆ, ಅದೇ ಸಾಲಿನಲ್ಲಿ ಎಂದೆ.

ಅಧಿಕಾರಿ ಪೆನ್ನು ಎತ್ತಿದ. "ಅದನ್ನ ಕಂಡವರು ಯಾರಾದರೂ ಇದ್ದಾರಾ ಅಮ್ಮ?"

ಕಟ್ಟೆಯ ಮೇಲೆ ಬಲೆ ಹೊಲಿಯುವ ಸೂಜಿಗಳು ನಿಂತವು. ಅಷ್ಟು ಹೊತ್ತಿನಲ್ಲಿ ನಾನು ನಲವತ್ತು ಮುಖಗಳನ್ನೂ ನೋಡಿದೆ, ನಲವತ್ತೂ ನೆಲ ನೋಡುತ್ತಿದ್ದವು. ನಡುವಿನಿಂದ ಬೊಂಗ್‌ಸಿಕ್ ಎದ್ದ. ಮೊಣಕೈವರೆಗೆ ಮೀನಿನ ಹುರುಪೆ ಅಂಟಿತ್ತು.

"ನಾನು ಕಂಡಿದೀನಿ," ಎಂದ. "ಈಚೆ ಇದೆ. ಗೆರೆಗೆ ಇನ್ನೂ ಎರಡು ಮೈಲಿ ಇದೆ. ನೆನ್ನೆ ಅದರ ಪಕ್ಕದಲ್ಲೇ ನಂದೊಂದು ಹಾಕಿದೀನಿ."

"ನಿಮಗೆ ಅಲ್ಲಿ ಪರವಾನಗಿ ಇದೆಯಾ?"

"ಇಲ್ಲ."

"ನಿಮ್ಮ ಹೆಸರು?"

ಬೊಂಗ್‌ಸಿಕ್ ನನ್ನನ್ನು ನೋಡಿದ, ಬಾಗಿಲನ್ನು ನೋಡಿದ. ಹೆಸರು ಕೊಟ್ಟರೆ ಅದು ಆ ಹಾಳೆಯ ಪಕ್ಕದ ಹಾಳೆಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಮ್ಮ ದ್ವೀಪದಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಆಮೇಲೆ ಒದ್ದೆ ಬೂಟಿನಲ್ಲೇ ಒಳಗೆ ಬಂದು, ನನ್ನ ಗಂಡನ ಪಕ್ಕದ ಖಾಲಿ ಕುರ್ಚಿ ಎಳೆದುಕೊಂಡು ಕೂತ. ಹೆಸರು ಹೇಳಿದ, ತಂದೆಯ ಹೆಸರೂ ಹೇಳಿದ.