ಬಾತುಕೋಳಿ ಬೇಡ

ಸರಳಾ ಆರ್.ಟಿ. ನಗರದ ತನ್ನ ಬಡಾವಣೆ ಸಂಘದ ಕಾರ್ಯದರ್ಶಿ. ಅವಳ ಫೋನ್ ಬಂತೆಂದರೆ ನೀರಿನ ಟ್ಯಾಂಕರ್‌ನವರೂ ಎದ್ದು ನಿಂತು ಮಾತಾಡುತ್ತಿದ್ದರು. ಅಂಥವಳಿಗೆ ಫೆಬ್ರವರಿಯಲ್ಲಿ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸರಿಹೋದವು, ಮಾತು ಮಾತ್ರ ಸರಿಹೋಗಲಿಲ್ಲ. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಪದ ತಪ್ಪಿಸಿಕೊಳ್ಳುತ್ತಿತ್ತು. ಕಾಫಿ ಕೇಳಲು ಹೋಗಿ ಚಪ್ಪಲಿ ಎನ್ನುತ್ತಿದ್ದಳು.

ಗಂಡ ಬದರೀನಾಥ ಹೆದರಿಹೋಗಿದ್ದ. ಅವಳು ತಡವರಿಸುವುದನ್ನು ನೋಡಲಾಗದೆ ಎಲ್ಲದಕ್ಕೂ ತಾನೇ ಉತ್ತರ ಕೊಡತೊಡಗಿದ. ಡಾಕ್ಟರು ಅವಳನ್ನು "ಹೇಗಿದೀರಾ?" ಎಂದು ಕೇಳಿದರೆ "ಪರವಾಗಿಲ್ಲ ಸಾರ್" ಎನ್ನುತ್ತಿದ್ದವನು ಅವನು.

ಹೆಬ್ಬಾಳದ ಸ್ಪೀಚ್ ಥೆರಪಿಸ್ಟ್ ಲುಬ್ನಾ ಒಂದು ಟ್ಯಾಬ್ ಕೊಟ್ಟಳು. ಅದರ ಕ್ಯಾಮೆರಾ ಯಾವುದರ ಕಡೆ ಹಿಡಿದರೂ ಪರದೆಯಲ್ಲಿ ಆ ವಸ್ತುವಿನ ನೆತ್ತಿಯ ಮೇಲೆ ಅದರ ಹೆಸರು ಕನ್ನಡದಲ್ಲಿ ತೇಲುತ್ತಿತ್ತು. ಒಂದು ದನಿ ಅದನ್ನು ಓದಿ ಹೇಳುತ್ತಿತ್ತು. ಮನೆಯಲ್ಲಿ ಇಲ್ಲದ್ದನ್ನೂ ಟ್ಯಾಬ್ ಪರದೆಯಲ್ಲಿ ತಂದು ನಿಲ್ಲಿಸುತ್ತಿತ್ತು. ಮೊದಲ ದಿನ ಪರದೆಯೊಳಗಿನ ಊಟದ ಮೇಜಿನ ಮೇಲೆ ಹಳದಿ ಬಾತುಕೋಳಿಯೊಂದು ಸಾರಿನ ಪಾತ್ರೆ ಸುತ್ತಿಕೊಂಡು ನಡೆದು ಬಂತು. ಸರಳಾ ಕಷ್ಟಪಟ್ಟು "ಬಾ... ತು" ಅಂದಳು.

"ಶಭಾಷ್ ಪುಟ್ಟಾ," ಎಂದು ಟ್ಯಾಬ್ ಚಪ್ಪಾಳೆ ತಟ್ಟಿತು.

ಸರಳಾ ಅದನ್ನು ಬೋರಲು ಹಾಕಿ ಎದ್ದು ಹೋದಳು.

ಮುಂದಿನ ಸಲ ಹೋದಾಗ ಲುಬ್ನಾ ಕಾರಣ ಕೇಳಿದಳು. ಬದರೀನಾಥ ಬಾಯಿ ತೆರೆದ. "ಅವ್ರೇ ಹೇಳ್ಲಿ ಸಾರ್," ಎಂದು ಲುಬ್ನಾ ಸರಳಾಳ ಕಡೆ ತಿರುಗಿದಳು.

"ಪುಟ್ಟಾ... ಅಲ್ಲ," ಅಂದಳು ಸರಳಾ. "ನಾನು. ಬಾತು... ಬೇಡ."

"ಅದು ಮಕ್ಕಳಿಗೇಂತ ಮಾಡಿರೋದು ಮೇಡಂ, ನಿಜ. ಆದ್ರೆ ನಮ್ಮ ಪದಗಳನ್ನೂ ಸೇರಿಸ್ಬಹುದು. ನಿಮಗೆ ಯಾವ್ದು ಬೇಕೋ ತೋರ್ಸಿ, ನಿಮ್ಮ ಮಗಳು ಹಾಕ್ಕೊಡ್ತಾರೆ."

ಆ ಸಂಜೆಯೇ ಸರಳಾ ಮಗಳು ಗೌತಮಿಯನ್ನು ಎಳೆದುಕೊಂಡು ಬೀದಿಗಿಳಿದಳು. ಟ್ರಾನ್ಸ್‌ಫಾರ್ಮರ್ ತೋರಿಸಿದಳು. ನೀರಿನ ವಾಲ್ವು, ಎರಡನೇ ಕ್ರಾಸಿನ ಬಾಯ್ದೆರೆದ ಮೋರಿ, ಅದರ ಒಡೆದ ಚಪ್ಪಡಿ. ಗೌತಮಿ ತನ್ನ ದನಿಯಲ್ಲೇ ಹೆಸರುಗಳನ್ನು ರೆಕಾರ್ಡ್ ಮಾಡಿದಳು. ಅಂದಿನಿಂದ ದಿನವೂ ಸರಳಾ ಮೋರಿಯ ಮುಂದೆ ಟ್ಯಾಬ್ ಹಿಡಿದು ನಿಂತು ಗಟ್ಟಿಯಾಗಿ ಪದ ಹೇಳತೊಡಗಿದಳು. ವಾಕಿಂಗಿಗೆ ಹೊರಟವರು ನಿಂತು ನೋಡುತ್ತಿದ್ದರು.

"ಮನೇಲೇ ಕಲೀಬಹುದಲ್ವಾ ಸರಳಾ? ಜನ ಏನಂದ್ಕೋತಾರೆ?" ಅಂದ ಬದರೀನಾಥ, ಒಂದು ಸಂಜೆ ಅಮ್ಮ-ಮಗಳು ಮನೆಗೆ ಬಂದಾಗ.

ಸರಳಾ ಕ್ಯಾಮೆರಾವನ್ನು ಅವನತ್ತ ತಿರುಗಿಸಿದಳು. ಅವನ ತಲೆಯ ಮೇಲೆ 'ಗಂಡಸು' ಎಂದು ತೇಲಿತು. ಸರಳಾ ಅದು ಬೇಡವೆಂದು ತಲೆಯಾಡಿಸಿದಳು.

"ಮತ್ತೇನಂತ ಹಾಕ್ಲಿ ಅಮ್ಮಾ?"

ಸರಳಾ ತುಟಿಯ ಮೇಲೆ ಬೆರಳಿಟ್ಟಳು. ಗೌತಮಿ ನಗು ತಡೆಯುತ್ತಾ ಟೈಪ್ ಮಾಡಿದಳು. ಸರಳಾ ಗಂಡನ ಮುಖ ನೋಡುತ್ತಲೇ ಓದಿದಳು: "ಸುಮ್ನಿರಿ."

ಸ್ಟ್ರೋಕ್ ಆದಮೇಲೆ ತಡವರಿಸದೆ ಬಂದ ಮೊದಲ ಮಾತು ಅದು. ಬದರೀನಾಥ ಸಿಟ್ಟಾಗಲಿಲ್ಲ. ಎದ್ದು ಬಾಲ್ಕನಿಗೆ ಹೋದ.

ಭಾನುವಾರ ಪಾರ್ಕಿನಲ್ಲಿ ಸಂಘದ ಸಭೆ. ಸಹಕಾರ್ಯದರ್ಶಿ ಯೋಗಾನಂದ ಮೆತ್ತಗೆ ಶುರುಮಾಡಿದ: "ಮೇಡಂಗೆ ರೆಸ್ಟ್ ಬೇಕು ಕಣ್ರೀ. ಬೇರೆಯವರನ್ನ ಆರಿಸೋಣ. ಏನಂತೀರಿ ಬದರೀನಾಥ್?"

ಬದರೀನಾಥ ಹೆಂಡತಿಯನ್ನು ನೋಡಿದ. "ಅವಳನ್ನೇ ಕೇಳಿ," ಅಂದ.

ಸರಳಾ ಎದ್ದು ನಿಂತಳು. "ಮೋರಿ. ಎರಡನೇ ಕ್ರಾಸು. ಚಪ್ಪಡಿ... ಚಪ್ಪಡಿ..."

"ಮುರಿದಿದೆ," ಎಂದು ಯೋಗಾನಂದ ಎತ್ತಿಕೊಟ್ಟ.

ಅವಳು ಕೈ ಅಡ್ಡ ಹಿಡಿದಳು. ಯಾರೋ ವಾಚ್ ನೋಡಿಕೊಂಡರು, ಯಾರೋ ಕೆಮ್ಮಿದರು. ಅವಳು ಕೂರಲಿಲ್ಲ.

"ಒಡೆದಿದೆ," ಅಂದಳು ಕೊನೆಗೆ. "ನಾನು ಮಲಗಿದ್ದೆ. ನೀವು... ಏನ್ ಮಾಡಿದ್ರಿ?"

ಅವಳು ಯೋಗಾನಂದನ ಕಡೆ ತಿರುಗಿದಳು.

"ನಾನು ನಿಧಾನ. ಆದ್ರೆ... ಬಿಡಲ್ಲ."

ಆ ದಿನ ಹೊಸ ಕಾರ್ಯದರ್ಶಿಯ ಆಯ್ಕೆ ನಡೆಯಲಿಲ್ಲ. ಇನ್ನು ಪ್ರತಿ ಸಭೆಯೂ ಇಷ್ಟೇ ಎಳೆಯುತ್ತದೆಂದು ಕೆಲವರು ಗೊಣಗಿಕೊಂಡೇ ಮನೆಗೆ ಹೋದರು. ಅದು ಅವಳ ಕಿವಿಗೂ ಬಿತ್ತು.

ಮರುದಿನ ಬೆಳಿಗ್ಗೆ ಅವಳೇ ಮೋರಿ ಕೆಲಸದ ಕಂಟ್ರಾಕ್ಟರ್‌ಗೆ ಫೋನ್ ಮಾಡಿದಳು. "ಹಲೋ" ಅಂದಮೇಲೆ ಮುಂದಿನ ಪದ ಸಿಕ್ಕಿಹಾಕಿಕೊಂಡಿತು.

"ಯಾರ್ರೀ? ಮಾತಾಡ್ರೀ," ಅಂದ ಆ ಕಡೆಯವನು. ಸ್ವಲ್ಪ ಕಾದು ಕಟ್ ಮಾಡಿದ.

"ಕೊಡಮ್ಮಾ, ನಾನ್ ಮಾತಾಡ್ತೀನಿ," ಎಂದು ಗೌತಮಿ ಕೈ ಚಾಚಿದಳು.

ಸರಳಾ ಫೋನನ್ನು ಆಚೆ ಕಿವಿಗೆ ಬದಲಿಸಿಕೊಂಡು ಮತ್ತೆ ಅದೇ ನಂಬರ್ ಒತ್ತಿದಳು.